ನೂರಕ್ಕೆ ಆರು ಹೆಚ್ಚು

ಕಳೆದ ತಿಂಗಳು ಮೈಸೂರಿನಿಂದ ಬೆಂಗಳೂರಿಗೆ ಮರಳಿದ ಕೆಲವು ದಿನಗಳಲ್ಲೇ ಮೊಬೈಲಿಗೆ ಚಲನ್ ಬಂದಿತು. ಗಂಟೆಗೆ 100 ಕಿ.ಮೀ. ಮಿತಿಯಿರುವ ಹೆದ್ದಾರಿಯಲ್ಲಿ ನನ್ನ ಕಾರಿನ ವೇಗ 106 ಇತ್ತು. ದಂಡ 1,000 ರೂಪಾಯಿ. ಆರು ಕಿಲೋಮೀಟರಿಗೆ ಸಾವಿರ ರೂಪಾಯಿಯೇ ಎಂದು ಮೊದಲಿಗೆ ಸಿಟ್ಟು ಬಂದದ್ದು ನಿಜ.

ಕ್ಯಾಮೆರಾ ತಪ್ಪು ಅಳೆದಿರಬಹುದೆಂದು ವಾದಿಸಲು ಹೊರಟವನಿಗೆ ಕಾರಿನ ಸ್ಪೀಡೋಮೀಟರೇ ಎದುರು ಸಾಕ್ಷಿಯಾಯಿತು. ನಿಯಮದಂತೆ ಆ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ತುಸು ಹೆಚ್ಚು ತೋರಿಸಬಹುದು. ಹಾಗಾಗಿ ಕ್ಯಾಮೆರಾದಲ್ಲಿ 106 ದಾಖಲಾದ ಹೊತ್ತಿಗೆ ನನ್ನ ಕಣ್ಣೆದುರಿನ ಮುಳ್ಳು ಬಹುಶಃ 110ರ ಆಸುಪಾಸಿನಲ್ಲಿತ್ತು. ನೋಡಿರಲಿಲ್ಲ ಎನ್ನಬಹುದೇ ಹೊರತು ಗೊತ್ತಾಗುವಂತಿರಲಿಲ್ಲ ಎನ್ನಲಾಗದು. ಅಲ್ಲದೆ ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗದಲ್ಲಿ ಶೇ 6ರಷ್ಟು ಹೆಚ್ಚಳವೆಂದರೆ ಆ ಶಕ್ತಿಯಲ್ಲಿ ಶೇ 12ಕ್ಕೂ ಮೀರಿದ ಹೆಚ್ಚಳ.

ಆದ್ದರಿಂದ ದಂಡದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ಲೆಕ್ಕದ ಬಗ್ಗೆ. ಮೋಟಾರು ವಾಹನ ಕಾಯ್ದೆಯ 183ನೇ ಕಲಂ, 2019ರ ತಿದ್ದುಪಡಿಯ ನಂತರ, ಲಘು ವಾಹನಗಳಿಗೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಗಳಿಗೆ 2,000ದಿಂದ 4,000 ರೂಪಾಯಿ ದಂಡ ವಿಧಿಸುತ್ತದೆ. ಅದು ವಾಹನದ ಗಾತ್ರವನ್ನು ನೋಡುತ್ತದೆ, ಮಿತಿಯನ್ನು ಎಷ್ಟು ಮೀರಲಾಗಿದೆ ಎಂಬುದನ್ನು ನೋಡುವುದಿಲ್ಲ. ಎರಡನೆಯ ಬಾರಿ ಸಿಕ್ಕಿಬಿದ್ದರೆ ಚಾಲನಾ ಪರವಾನಗಿಯನ್ನು ವಶಪಡಿಸಿಕೊಳ್ಳಬೇಕೆನ್ನುವಾಗಲೂ 106ಕ್ಕೂ 128ಕ್ಕೂ ವ್ಯತ್ಯಾಸವಿಲ್ಲ. 2024ರ ಆಗಸ್ಟ್‌ನಿಂದ ಕರ್ನಾಟಕದ ಪೊಲೀಸರು ಗಂಟೆಗೆ 130 ಕಿ.ಮೀ. ದಾಟಿದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಅಡಿ ಎಫ್‌ಐಆರ್ ದಾಖಲಿಸಲು ಮುಂದಾದದ್ದು ಸರಿಯಾದ ಕ್ರಮವೇ. ಆದರೆ ಅದರಿಂದ ಮೆಟ್ಟಿಲುಗಳು ಎರಡೇ ಆದವು, ನಡುವೆ ಮೂವತ್ತು ಕಿಲೋಮೀಟರಿನ ಬಯಲು ಹಾಗೆಯೇ ಉಳಿಯಿತು.

ಜರ್ಮನಿಯಲ್ಲಿ ಊರಿನ ಹೊರಗೆ ಮಿತಿಯನ್ನು 10 ಕಿ.ಮೀ. ವರೆಗೆ ಮೀರಿದರೆ 20 ಯೂರೊ, 15ರ ವರೆಗೆ 40, 20ರ ವರೆಗೆ 60, 25ರ ವರೆಗೆ 100 ಯೂರೊ ದಂಡವಿದೆ. ಅಳತೆಯ ಲೋಪಕ್ಕೆಂದು ದಾಖಲಾದ ವೇಗದಿಂದ ಸ್ವಲ್ಪ ಕಳೆದ ಮೇಲೆ ಈ ಲೆಕ್ಕ. ನಮ್ಮಲ್ಲಿಯೂ ಇಂಥ ಏಣಿ ಬೇಕೆನ್ನುವುದು ನನ್ನ ಅಭಿಪ್ರಾಯ. ಹಾಗೆಂದು ಹತ್ತು ಕಿಲೋಮೀಟರಿನವರೆಗೆ ಮಾಫಿ ಎಂದು ಘೋಷಿಸಬಾರದು. ಹಾಗೆ ಮಾಡಿದ ಮರುದಿನವೇ ಎಲ್ಲರೂ 110ನ್ನೇ ಮಿತಿಯೆಂದುಕೊಂಡು ಅಲ್ಲಿಂದ ಮುಂದಕ್ಕೆ ಚೌಕಾಸಿ ಆರಂಭಿಸುತ್ತಾರೆ. ಸಣ್ಣ ತಪ್ಪಿಗೆ ಮುನ್ನೂರು ರೂಪಾಯಿಯಾದರೂ ಸಾಕು, ಆದರೆ ಅದು ತಪ್ಪದೆ ಬೀಳಬೇಕು.

ಚಲನ್ ಬಂದ ಸಂಜೆಯೇ ಹಣ ಕಟ್ಟಿದೆ. ಸುದ್ದಿ ಕೇಳಿದ ಗೆಳೆಯನೊಬ್ಬ, 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50ರ ರಿಯಾಯಿತಿ ಕೊಟ್ಟದ್ದನ್ನು ನೆನಪಿಸಿ, "ಇಷ್ಟು ಅವಸರ ಯಾಕೆ ಮಾಡಿದೆ ಮಾರಾಯಾ, ಇನ್ನೊಮ್ಮೆ ಕೊಡುತ್ತಾರೆ, ಕಾಯಬಾರದಿತ್ತೇ?" ಎಂದ.