ಎರಡು ಟೇಪ್ ಯಂತ್ರ, ಒಂದು ಗಿಟಾರ್

ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೀತಾ ಇಂಗ್ಲೆಂಡಿನ ಗಿಟಾರ್ ವಾದಕ ರಾಬರ್ಟ್ ಫ್ರಿಪ್, ಸಂಗೀತಗಾರ ಬ್ರಯಾನ್ ಈನೋ ಜೋಡಿಯ 1973ರ ಆಲ್ಬಂ ಮತ್ತೆ ಕೇಳಿದೆ. ಎಲ್‌ಪಿ ರೆಕಾರ್ಡಿನ ಮೊದಲ ಬದಿ ಪೂರ್ತಿ ಒಂದೇ ರಚನೆ, 20 ನಿಮಿಷಕ್ಕೂ ಜಾಸ್ತಿ. ಎರಡು ರೀಲ್ ಟೇಪ್ ರೆಕಾರ್ಡರ್ ಅಕ್ಕಪಕ್ಕ ಇಟ್ಟಿದ್ದಾರೆ. ಒಂದರಲ್ಲಿ ದಾಖಲಾದ ಗಿಟಾರ್ ನಾದ ಅದೇ ಟೇಪಿನ ಮೇಲೆ ಸಾಗಿ, ಕೆಲವು ಸೆಕೆಂಡ್ ತಡವಾಗಿ ಇನ್ನೊಂದರಲ್ಲಿ ನುಡಿಯುತ್ತೆ. ಅದನ್ನ ವಾಪಸ್ ಮೊದಲನೆಯದಕ್ಕೇ ಕಳಿಸ್ತಾರೆ. ಹಾಗೆ ಸ್ವರದ ಮೇಲೆ ಸ್ವರ ಕೂತು, ಹಳೇದು ಮೆಲ್ಲಗೆ ಮಾಸುತ್ತಾ ಹೋಗುತ್ತೆ.

ಕೆಳಗೆ ತಂಬೂರಿ ಶ್ರುತಿಯ ಹಾಗೆ ಒಂದು ಆಧಾರ, ಅದರ ಮೇಲೆ ಗಿಟಾರ್ ಎಳೆದೆಳೆದು ಹಾಡುತ್ತೆ. ತಂತಿ ಮೀಟಿದ ಸದ್ದು ಸುಮಾರು ಕಡೆ ಕಿವಿಗೇ ಬೀಳಲ್ಲ, ಸ್ವರ ಎಲ್ಲಿಂದ ಶುರುವಾಯ್ತು ಅಂತಾನೂ ಗೊತ್ತಾಗಲ್ಲ. ಮೈಸೂರಲ್ಲಿ ವೀಣೆ ಕೇಳ್ಕೊಂಡು ಬೆಳೆದವರಿಗೆ ಇದು ಹೊರಗಿನದು ಅನ್ನಿಸಲ್ಲ ಅಂತ ನನ್ನ ನಂಬಿಕೆ.

1979ರಲ್ಲಿ ಫ್ರಿಪ್ ಇಂಥದ್ದೇ ಎರಡು ಯಂತ್ರಗಳನ್ನ ಹೊತ್ಕೊಂಡು ಹೋಗಿ ರೆಕಾರ್ಡ್ ಅಂಗಡಿ, ರೆಸ್ಟೋರೆಂಟ್‌ಗಳಲ್ಲಿ ಒಬ್ಬರೇ ನುಡಿಸಿದ್ರು. ನಾಲ್ಕು ಅಡಿ ದೂರದಲ್ಲಿ ಕೂತು, ಟೇಪ್ ಸುತ್ತೋದನ್ನ ನೋಡ್ತಾ ಕೇಳಿದವರ ಪುಣ್ಯ ದೊಡ್ಡದು!

ಮಂಡ್ಯದ ಗೆಳೆಯನಿಗೆ ಕಳಿಸಿದ್ರೆ, "ತಾಳ ಎಲ್ಲಿ ಮಗಾ?" ಅಂದ. ಆಲಾಪನೆಗೆ ಯಾರಾದ್ರೂ ತಾಳ ಕೇಳ್ತಾರಾ? ಫೋನ್ ಸ್ಪೀಕರಲ್ಲಿ ಕೇಳಿದಾನೆ ಅನ್ಸುತ್ತೆ. ಭಾನುವಾರ ಬರ್ತಾನಂತೆ, ಒಳ್ಳೇ ಹೆಡ್‌ಫೋನ್ ಕೊಟ್ಟು ಮೊದಲ ಬದಿ ಪೂರ್ತಿ ಕೇಳಿಸ್ತೀನಿ.