ದಾಖಲೆಗೆ ನಂಬರ್ ಬೀಳುವ ಹೊತ್ತು

ದಾವಣಗೆರೆ ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುವವನು ನಾನು. ನಮ್ಮ ಜೂನಿಯರ್‌ಗಳು ಪಾಟೀಸವಾಲಿಗೆ ರಾತ್ರಿಯೆಲ್ಲ ತಯಾರಿ ಮಾಡಿಕೊಂಡು ಬರುತ್ತಾರೆ. ಎದುರಿನವರು ದಾಖಲೆ ಮಾರ್ಕ್ ಮಾಡಿಸುವಾಗ, ಅಂದರೆ ಸಾಕ್ಷ್ಯವಾಗಿ ಒಪ್ಪಿಸಿ ನಂಬರ್ ಹಾಕಿಸುವಾಗ, ಮಾತ್ರ ಫೈಲು ತಿರುವುತ್ತಾ ಕೂತಿರುತ್ತಾರೆ. ಎಷ್ಟೋ ಕೇಸಿನ ಹಣೆಬರಹ ಅಲ್ಲೇ ಬರೆದುಹೋಗಿರುತ್ತದೆ.

ಮುಗಿದುಹೋದ ಒಂದು ಪಾಲಿನ ದಾವೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಭದ್ರಾ ನಾಲೆಯ ಗದ್ದೆ, ಅಣ್ಣ-ತಮ್ಮಂದಿರ ಜಗಳ. ನಾನು ತಮ್ಮನ ಪರ. ಅಣ್ಣನದು ಒಂದೇ ಮಾತು: ಪಾಲು ಯಾವತ್ತೋ ಆಗಿಹೋಗಿದೆ. ಅದಕ್ಕೆ ಒಂದು ಹಳೇ ಪಾಲುಪಟ್ಟಿ ತಂದಿದ್ದರು. ಛಾಪಾ ಕಾಗದ ಮಡಿಕೆಯಲ್ಲಿ ಹರಿದಿತ್ತು, ಹಿಂದೆ ಟೇಪ್ ಹಚ್ಚಿತ್ತು. ಕೆಳಗೆ ಊರಿನ ಹಿರಿಯರ ಸಹಿ.

ಅವರ ವಕೀಲರು ಅದನ್ನು ಡಿ-1 (ಪ್ರತಿವಾದಿಯ ಮೊದಲ ದಾಖಲೆ) ಎಂದು ಗುರುತಿಸಲು ಕೊಟ್ಟರು. ನ್ಯಾಯಾಧೀಶರು ನಮ್ಮ ಕಡೆ ನೋಡಿ ಅಬ್ಜೆಕ್ಷನ್ ಇದೆಯೇ ಎಂದರು.

ನನ್ನ ಹತ್ತಿರ ಎರಡು ತಕರಾರಿದ್ದವು. ಸ್ಟ್ಯಾಂಪ್ ಸಾಲದು, ರಿಜಿಸ್ಟ್ರೇಷನ್ ಆಗಿಲ್ಲ. ಸ್ಟ್ಯಾಂಪ್ ಮಾತು ಮೊದಲು ಎತ್ತಿದೆ. ಯಾಕೆಂದರೆ ಕರ್ನಾಟಕ ಸ್ಟ್ಯಾಂಪ್ ಕಾಯ್ದೆ 1957ರ ಸೆಕ್ಷನ್ 35 ಪ್ರಕಾರ, ದಾಖಲೆ ಒಮ್ಮೆ ಸಾಕ್ಷ್ಯವಾಗಿ ಒಳಗೆ ಬಂದರೆ ಆ ದಾವೆಯಲ್ಲಿ ಮತ್ತೆ ಸ್ಟ್ಯಾಂಪ್ ತಕರಾರು ಎತ್ತುವ ಹಾಗಿಲ್ಲ. ಉಳಿದ ತಕರಾರುಗಳನ್ನು ಬರೆದಿಟ್ಟುಕೊಂಡು ಕೊನೆಗೆ ತೀರ್ಮಾನಿಸಬಹುದು ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಸ್ಟ್ಯಾಂಪ್ ವಿಷಯ ಅಲ್ಲೇ ಇತ್ಯರ್ಥ ಆಗಬೇಕು ಎಂದೂ ಅದೇ ತೀರ್ಪಿನಲ್ಲಿದೆ. ಈ ಎರಡನೇ ಭಾಗವನ್ನು ಜಾಸ್ತಿ ಜನ ಓದುವುದೇ ಇಲ್ಲ.

ರಿಜಿಸ್ಟ್ರೇಷನ್ ತಕರಾರು ಹಾಗಲ್ಲ. ಕಾನೂನೇ ಬೇಡ ಎನ್ನುವ ದಾಖಲೆಗೆ ನಂಬರ್ ಬಿದ್ದಿದ್ದರೂ ಆಮೇಲೆ ಪ್ರಶ್ನೆ ಮಾಡಬಹುದು. ಅಸಲು ಎಲ್ಲಿ, ಜೆರಾಕ್ಸ್ ಯಾಕೆ ಕೊಡುತ್ತಿದ್ದೀರಿ ಎನ್ನುವಂಥ ತಕರಾರನ್ನು ಮಾತ್ರ ಆಗಲೇ ಹೇಳಬೇಕು. ಆವತ್ತು ಸುಮ್ನಿದ್ದು ಅಪೀಲಿನಲ್ಲಿ ಎತ್ತಿದರೆ ಯಾರೂ ಕೇಳುವುದಿಲ್ಲ.

ಎದುರಿನ ವಕೀಲರು ಪಳಗಿದವರು. ಇದು ಹಿಂದೆ ಆದ ಪಾಲನ್ನು ನೆನಪಿಗೆ ಬರೆದಿಟ್ಟ ಪಟ್ಟಿ, ಇದಕ್ಕೆ ರಿಜಿಸ್ಟ್ರೇಷನ್ ಬೇಡ ಎಂದರು. ವಾದವೇನೋ ಸರಿ, ಅಂಥ ಪಟ್ಟಿಗೆ ಬೇಡವೇ ಬೇಡ. ಆದರೆ ಈ ಕಾಗದದ ಮೂರನೇ ಸಾಲಿನಲ್ಲಿ "ಈ ದಿವಸ ಪಾಲು ಮಾಡಿಕೊಂಡು ಸ್ವಾಧೀನ ಹೊಂದಿರುತ್ತೇವೆ" ಎಂದಿತ್ತು. ಅಂದರೆ ಪಾಲು ಮಾಡಿದ್ದೇ ಈ ಕಾಗದ, ಇದು ನೆನಪಿನ ಪಟ್ಟಿಯಲ್ಲ. ಅದನ್ನು ಓದಿ ಹೇಳಿ ಕೂತೆ.

ಕಾಗದ ಇಂಪೌಂಡ್ ಆಗಿ, ಅಂದರೆ ಕೋರ್ಟಿನ ವಶಕ್ಕೆ ಹೋಗಿ, ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಹೋಯಿತು. ಕೋರ್ಟಿನಲ್ಲೇ ಕಟ್ಟಿದರೆ ಕೊರತೆಯ ಹತ್ತು ಪಟ್ಟು ದಂಡ, ಕಡಿಮೆ ಮಾಡುವ ಅಧಿಕಾರ ಕೋರ್ಟಿಗಿಲ್ಲ. ನೋಂದಣಾಧಿಕಾರಿಗಳಿಗಿದೆ. ಶುಲ್ಕ, ದಂಡ ಕಟ್ಟಿದ ಮೇಲೆ ಪಟ್ಟಿ ವಾಪಸ್ ಬಂದು ಮಾರ್ಕ್ ಆಯಿತು. ಆದರೆ ಯಾವ ಗದ್ದೆ ಯಾರ ಸ್ವಾಧೀನದಲ್ಲಿತ್ತು ಎಂದು ತೋರಿಸುವುದಕ್ಕೆ ಮಾತ್ರ. ಪಾಲು ಆಗಿದೆ ಎನ್ನುವುದಕ್ಕೆ ಅಲ್ಲ.

ನಮ್ಮ ಕಕ್ಷಿದಾರರಿಗೆ ಖುಷಿಯೋ ಖುಷಿ. "ಇನ್ನೇನ್ ಸಾರ್, ಕಾಗದ ಬಿದ್ದೋಯ್ತಲ್ಲ!"

"ತಡೀರಿ ಗೌಡ್ರೇ, ಪಹಣಿ ಬೇರೆ ಬೇರೆ ಇದೆ" ಎಂದೆ. ಪಹಣಿ, ಕಂದಾಯ ರಸೀದಿ, ಬೆಳೆ ಸಾಲ ಎಲ್ಲ ಅಣ್ಣ-ತಮ್ಮಂದಿರ ಹೆಸರಲ್ಲಿ ಬೇರೆ ಬೇರೆಯೇ ಇದ್ದವು. ಅವನ್ನು ಹೊರಗಿಡಲು ನನ್ನ ಹತ್ತಿರ ಯಾವ ಸೆಕ್ಷನ್ನೂ ಇರಲಿಲ್ಲ. ಒಂದು ದಾಖಲೆ ಬಿದ್ದರೆ ಕೇಸು ಗೆದ್ದ ಹಾಗಲ್ಲ ಅಲ್ವಾ.

ಆಗ ಗೌಡರು ಫೋನ್ ತೆಗೆದರು. ಅಣ್ಣನ ಜೊತೆ ಮಾತಾಡಿದ್ದು ರೆಕಾರ್ಡ್ ಆಗಿತ್ತು. ಪೂರಾ ಜಗಳ. ಅವ್ವನ ಆಸ್ಪತ್ರೆ ಖರ್ಚು ಯಾರು ಕೊಟ್ಟರು, ಯಾರು ಕುಡಿದು ಬಂದರು, ಎಲ್ಲ ಇತ್ತು. ಅದೆಲ್ಲ ನಮ್ಮ ವಿವಾದಾಂಶಕ್ಕೆ ಸಂಬಂಧವೇ ಇಲ್ಲದ್ದು. ಕೆಲಸಕ್ಕೆ ಬಂದದ್ದು ಅಣ್ಣನ ಒಂದು ಮಾತು: "ಪಟ್ಟಿ ಮಾಡಿದ್ದು ಸೊಸೈಟಿ ಸಾಲಕ್ಕಲ್ವೇನೋ, ನಿನ್ ಪಾಲು ಎಲ್ಲಿಗ್ ಹೋಗ್ತದೆ?" ಪಹಣಿ ಬೇರೆಯಾದದ್ದು ಯಾಕೆ ಅನ್ನುವುದಕ್ಕೂ ಉತ್ತರ ಸಿಕ್ಕಿತು.

ಹೇಳದೆ ರೆಕಾರ್ಡ್ ಮಾಡಿದ್ದು ನಡೆಯುತ್ತದೆಯೇ ಎಂದು ಜೂನಿಯರ್ ಕೇಳಿದಳು. ಅಮೆರಿಕದ ಕೋರ್ಟ್ ಸಿನಿಮಾ ನೋಡಿ ಬರುವ ಅನುಮಾನ ಇದು. ನಮ್ಮಲ್ಲಿ ಸಾಕ್ಷ್ಯ ಸಿಕ್ಕ ದಾರಿ ಸರಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅದು ಹೊರಗೆ ಹೋಗುವುದಿಲ್ಲ. ಪ್ರಸ್ತುತವೇ, ತಿದ್ದಿಲ್ಲವೇ ಎಂಬುದೇ ಮುಖ್ಯ. 1970ರ ದಶಕದಿಂದ ಸುಪ್ರೀಂ ಕೋರ್ಟಿನ ನಿಲುವು ಇದೇ.

ತೊಂದರೆ ಇರುವುದು ಪ್ರಮಾಣಪತ್ರದಲ್ಲಿ. ಪೆನ್‌ಡ್ರೈವ್‌ನಲ್ಲಿ ನಕಲು ಕೊಟ್ಟರೆ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ, ಅಂದರೆ ನಕಲು ಯಾವ ಸಾಧನದಿಂದ ಹೇಗೆ ತೆಗೆದದ್ದು ಎಂಬ ಸಹಿ ಹಾಕಿದ ಹೇಳಿಕೆ, ಬೇಕೇ ಬೇಕು. ದಾವೆ 2024ರ ಜುಲೈ 1ಕ್ಕಿಂತ ಹಳೆಯದಾದ್ದರಿಂದ ನಮಗೆ 1872ರ ಕಾಯ್ದೆಯೇ. ಹೊಸ ಕೇಸಾದರೆ ಅದರ ಜಾಗಕ್ಕೆ ಆ ದಿನ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63. ಅದರ ನಮೂನೆಯಲ್ಲಿ ಎರಡು ಭಾಗ, ಒಂದಕ್ಕೆ ತಜ್ಞರ ಸಹಿ ಬೇಕು, ಹ್ಯಾಶ್ ಸಂಖ್ಯೆ (ಫೈಲು ತಿದ್ದಿದರೆ ಬದಲಾಗುವ ಗುರುತು ಸಂಖ್ಯೆ) ಬರೆಯಬೇಕು. ಪುಣ್ಯಕ್ಕೆ ಇವರು ಫೋನ್ ಮಾರಿರಲಿಲ್ಲ. ನಕಲಿನ ಬದಲು ಅದೇ ಫೋನ್ ಹಿಡಿದು ಸಾಕ್ಷಿ ಕಟ್ಟೆ ಹತ್ತಿದರು.

ಅಣ್ಣನ ಪಾಟೀಸವಾಲಿನಲ್ಲಿ ಆ ಒಂದು ಮಾತನ್ನೇ ಮೊದಲು ಕೇಳಿಸಿದೆ. ಸ್ವಲ್ಪ ಹೊತ್ತು ಯೋಚಿಸಿ "ಧ್ವನಿ ನನ್ನದೇ" ಎಂದರು. ಧ್ವನಿ ಪರೀಕ್ಷೆಗೆ ಕಳಿಸುವ ಖರ್ಚು ಉಳಿಯಿತು.