ಹೆಗಡೆಯ ಜಾಡು ಹಿಡಿದು ಬಳ್ಳಿಗಾವಿಗೆ

ಆಧಾರ್‌ನಲ್ಲಿ ನಾನು ಹೆಗಡೆ. ಪಾನ್ ಕಾರ್ಡಿನಲ್ಲಿ ಹೆಗ್ಡೆ. ಶಾಲೆಯ ಸರ್ಟಿಫಿಕೇಟಿನಲ್ಲಿ ಯಾರೋ ಪುಣ್ಯಾತ್ಮರು ಹೆಗ್ಗಡೆ ಅಂತ ಬರೆದಿಟ್ಟಿದ್ದಾರೆ. ಒಂದು ಬ್ಯಾಂಕಿನಲ್ಲಿ "ಮೂವರೂ ನೀವೇ ಅಂತ ಹೇಗೆ ನಂಬೋದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಟ್ಟು ಮಾಡಿಕೊಂಡು ಊರಿಗೆ ಹೋದೆ.

ಊರು ಶಿರಸಿ ಪಕ್ಕ. ಅಡಿಕೆ ಕೊಯ್ಲಿನ ದಿನಗಳು. ದೊಡ್ಡಪ್ಪ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತ ಕೂತಿದ್ದರು. ಕತೆ ಕೇಳಿ ನಕ್ಕರು. "ಬ್ಯಾಂಕಿನವಕ್ಕೆ ಎಂತ ಗೊತ್ತು? ನಮ್ಮವರನ್ನ ಕದಂಬರ ಮಯೂರವರ್ಮ ಉತ್ತರದ ಅಹಿಚ್ಛತ್ರದಿಂದ ಕರೆಸಿದ್ದು. ಹೆಗಡೆ ಅಂದ್ರೆ ಮಂತ್ರಿ ವಂಶ." ಚಿಕ್ಕಂದಿನಿಂದ ಕೇಳಿದ ಮಾತೇ. ಆದರೆ ಈ ಸಲ ಸುಮ್ನೆ ತಲೆಯಾಡಿಸಲು ಮನಸ್ಸಾಗಲಿಲ್ಲ. ಮಯೂರವರ್ಮನ ಕತೆ ಕಲ್ಲಿನಲ್ಲಿರುವುದು ತಾಳಗುಂದದಲ್ಲಿ, ಮಂತ್ರಿಗಿರಿಯ ಲೆಕ್ಕ ಸಿಗಬೇಕಾದದ್ದು ಬಳ್ಳಿಗಾವಿಯಲ್ಲಿ. ಎರಡೂ ಶಿರಾಳಕೊಪ್ಪದ ಆಸುಪಾಸು. ಮರುದಿನ ಬೆಳಿಗ್ಗೆ ತೆಳ್ಳೇವು ತಿಂದು ಬೈಕ್ ಹತ್ತಿದೆ.

ಬನವಾಸಿಯಲ್ಲಿ ಮಧುಕೇಶ್ವರನಿಗೆ ಕೈಮುಗಿದು ಮುಂದೆ ಹೋದೆ. ಆನವಟ್ಟಿಯಲ್ಲಿ ಚಹಾ. ಅಲ್ಲಿಂದ ರಸ್ತೆ ಬದಿಯ ತೋಟಗಳು ಕಡಿಮೆಯಾಗಿ, ಗದ್ದೆ, ಮೆಕ್ಕೆಜೋಳ, ಕೆರೆ ಏರಿಗಳು ಶುರು.

ತಾಳಗುಂದದ ಪ್ರಣವೇಶ್ವರ ದೇವಸ್ಥಾನ ಚಿಕ್ಕದು. ಎದುರಿಗೆ ಕಲ್ಲಿನ ಕಂಬ. ಐದನೇ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ಬರೆದ ಸಂಸ್ಕೃತ ಕಾವ್ಯ ಅದರ ಮೇಲಿದೆ. ಸಾಲುಗಳು ಕಂಬದ ಉದ್ದಕ್ಕೆ ಸಾಗುತ್ತವೆ. ನೋಡಲು ಕತ್ತು ವಾಲಿಸಬೇಕು. ಬ್ರಾಹ್ಮಿ ಅಕ್ಷರ ನನಗೆ ಓದಲು ಬರುವುದಿಲ್ಲ, ಮೊಬೈಲಿನಲ್ಲಿ ಇಳಿಸಿಕೊಂಡಿದ್ದ ಪಾಠವೇ ಗತಿ. ಮಯೂರಶರ್ಮ, ಅಂದರೆ ದೊಡ್ಡಪ್ಪನ ಮಯೂರವರ್ಮನೇ, ಓದಲು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದದ್ದು, ಎಲ್ಲ ಇದೆ. ಅಹಿಚ್ಛತ್ರ? ಇಲ್ಲ. ಅದು ಬರುವುದು ಎಷ್ಟೋ ಶತಮಾನ ಆದಮೇಲಿನ ತಾಳಗುಂದದ್ದೇ ಇನ್ನೊಂದು ಶಾಸನದಲ್ಲಿ. ಅಲ್ಲೂ ಕರೆತಂದವನು ಮಯೂರ ಅಲ್ಲ, ಮುಕ್ಕಣ್ಣ ಕದಂಬ. 32 ಕುಟುಂಬಗಳಂತೆ.

ಆ ಕಂಬದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಬೇರೆ. ಮನೆ ಹತ್ತಿರ ಒಂದು ಕದಂಬ ಮರ ಇತ್ತು, ಅದನ್ನು ಜೋಪಾನ ಮಾಡುತ್ತಿದ್ದರು, ಅದರಿಂದಲೇ ಆ ಮನೆತನಕ್ಕೆ ಕದಂಬ ಅಂತ ಹೆಸರಾಯಿತು ಅಂತ ಅದೇ ಹೇಳುತ್ತದೆ. ರಾಜವಂಶದ ಹೆಸರು ಹಿತ್ತಲ ಮರದಿಂದ ಬಂದದ್ದು! ನಮ್ಮ ಕಡೆ 'ಹಲಸಿನಮರದ ಮನೆಯವರು' ಅನ್ನುವುದಿಲ್ವಾ, ಹಾಗೆ.

ಬಳ್ಳಿಗಾವಿ ಅಲ್ಲಿಂದ ಹತ್ತಿರ. ಈಗ ಸಣ್ಣ ಹಳ್ಳಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾಸಿರ ಎಂಬ ದೊಡ್ಡ ನಾಡಿನ ರಾಜಧಾನಿ ಇದು. ಮಠಗಳು, ಬಸದಿಗಳು, ಸಂತೆ, ದೂರದೂರದ ವ್ಯಾಪಾರಿಗಳು. ಅಲ್ಲಮಪ್ರಭುವಿನ ಊರೂ ಇದೇ. ಕೇದಾರೇಶ್ವರ ದೇವಸ್ಥಾನದ ಹುಲ್ಲುಹಾಸಿನ ಮೇಲೆ ಒಂದು ಸುತ್ತು ಹಾಕಿ ಶಾಸನಗಳ ಎದುರು ಕೂತೆ.

ಆಳೆತ್ತರದ ಕರಿ ಕಲ್ಲು. ಮೇಲೆ ಲಿಂಗ, ಕರುವಿಗೆ ಹಾಲೂಡುವ ಹಸು, ಸೂರ್ಯ, ಚಂದ್ರ. ಕೆಳಗೆ ಇರುವೆ ಸಾಲಿನಂತೆ ಅಕ್ಷರ. ಇವು ಹಳಗನ್ನಡ. ಹಾಗಾಗಿ ಸ್ವಲ್ಪ ಧೈರ್ಯ. ಆದರೂ ತಲೆಕಟ್ಟು ಯಾವುದು, ಕಲ್ಲಿನ ಗೀರು ಯಾವುದು ಅಂತ ತಿಳಿಯದೆ ಒಂದು ಗಂಟೆ ಹೋಯಿತು. ಬಿಸಿಲು ಓರೆಯಾದಾಗ ಅಕ್ಷರಗಳ ಅಂಚಿಗೆ ನೆರಳು ಬಿತ್ತು. ಆಗ ಕಂಡಿತು. ಪೆ. ಆಮೇಲೆ ಗಕಾರಕ್ಕೆ ಗಕಾರದ ಒತ್ತು, ಮೇಲೆ ರೇಫ, ಅಂದರೆ ರಕಾರದ ಗುರುತು. ಕೊನೆಗೆ ಡೆ. ಪೆರ್ಗ್ಗಡೆ.

ಅದೇ ನಾನು! 'ಪೆರ್' ಅಂದರೆ ದೊಡ್ಡದು. ಹತ್ತನೇ ಶತಮಾನದ ಆಸುಪಾಸಿನಿಂದ ಕನ್ನಡದ ಪಕಾರ ಹಕಾರಕ್ಕೆ ತಿರುಗತೊಡಗಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೆರ್ಗಡೆ ಹೆಗ್ಗಡೆಯಾದ. ಹೆಬ್ಬಾವು, ಹೆಮ್ಮರ, ಹೆಜ್ಜೇನು, ಹೆದ್ದಾರಿ ಎಲ್ಲ ನನ್ನ ನೆಂಟರೇ. ಬ್ಯಾಂಕಿನವರು ಪೆರ್ಗಡೆಯನ್ನು ನೋಡಿದ್ದರೆ ಇನ್ನೊಂದು ಅಫಿಡವಿಟ್ ಕೇಳುತ್ತಿದ್ದರು.

ಮಂತ್ರಿ ವಂಶದ ವಿಷಯಕ್ಕೆ ಬಂದರೆ, ಪೆರ್ಗಡೆ ವಂಶದ ಹೆಸರೇ ಅಲ್ಲ, ಹುದ್ದೆಯ ಹೆಸರು. ಅರಮನೆಯ ವ್ಯವಹಾರ ನೋಡುವವನು ಮನೆವೆರ್ಗಡೆ. ಸುಂಕ ನೋಡುವವನು ಸುಂಕದ ಪೆರ್ಗಡೆ. ಬಳ್ಳಿಗಾವಿಯಂಥ ಸಂತೆಯೂರಿನಲ್ಲಿ ಇಂಥವರ ಕೆಲಸ ಜೋರು. ಹೇರು ಬಂದರೆ ಸುಂಕ, ದೊಡ್ಡ ಸರಕಿಗೆ ಪೆರ್ಜುಂಕ, ಅಂದರೆ ಹೆಜ್ಜುಂಕ. ದೇವರ ದೀಪಕ್ಕೆ ಅಂತ ಆ ಸುಂಕದಲ್ಲೇ ಒಂದಿಷ್ಟು ಬಿಟ್ಟುಕೊಟ್ಟರೆ ಅದು ಕಲ್ಲಿನ ಮೇಲೆ ಬರುತ್ತಿತ್ತು. ಅಧಿಕಾರಿಯ ಹೆಸರೂ ಜೊತೆಗೆ ಉಳಿಯುತ್ತಿತ್ತು.

ಹುದ್ದೆಯಾದ್ದರಿಂದಲೇ ಇರಬೇಕು, ಇವತ್ತು ಹೆಗ್ಡೆಗಳು ಎಲ್ಲ ಕಡೆ ಇದ್ದಾರೆ. ನಮ್ಮ ಹವ್ಯಕರಲ್ಲಿ, ಬಂಟರಲ್ಲಿ, ಜೈನರಲ್ಲಿ. ಧರ್ಮಸ್ಥಳದ ಸ್ಥಳಕಥೆಯಲ್ಲಿ ನೆಲ್ಯಾಡಿ ಬೀಡಿನ ಯಜಮಾನ ಬಿರ್ಮಣ್ಣ ಪೆರ್ಗಡೆ. ಅಲ್ಲಿ ಹಳೇ ಪಕಾರ ಹಾಗೇ ಉಳಿದಿದೆ. ಒಂದೇ ಅಡ್ಡಹೆಸರು ಅಂತ ನೆಂಟಸ್ತಿಕೆ ಹುಡುಕುವುದು, ಊರೂರಿನ ತಹಶೀಲ್ದಾರರನ್ನೆಲ್ಲ ಒಂದೇ ಕುಟುಂಬ ಅಂದ ಹಾಗೆ. ನನಗೆ ಇದು ಬೇಸರ ತರಲಿಲ್ಲ. ಮಂತ್ರಿಗಿಂತ ಸಂತೆಯಲ್ಲಿ ಹೇರು ಎಣಿಸುತ್ತ ನಿಂತವನೇ ಹತ್ತಿರದವನು ಅನ್ನಿಸಿದ. ಹಾಗಂತ ಆ ಕಲ್ಲಿನ ಪೆರ್ಗಡೆ ನಮ್ಮ ಅಜ್ಜನ ಅಜ್ಜ ಅಂತೇನೂ ಅಲ್ಲ.

ಶಿರಾಳಕೊಪ್ಪದಲ್ಲಿ ಮಂಡಕ್ಕಿ ಮಿರ್ಚಿ ತಿಂದು, ಕತ್ತಲಾದ ಮೇಲೆ ಮನೆ ಮುಟ್ಟಿದೆ. ದೊಡ್ಡಪ್ಪ ಇನ್ನೂ ಅಂಗಳದಲ್ಲೇ ಇದ್ದರು. ಪಕ್ಕದಲ್ಲಿ ಸಿಪ್ಪೆಯ ರಾಶಿ ಮೊಣಕಾಲಿನವರೆಗೆ. ಎಲ್ಲ ಹೇಳಿದೆ. ಅಹಿಚ್ಛತ್ರದ ಮಾತಿಗೆ ಅವರು ತಲೆಯೆತ್ತಲಿಲ್ಲ. ಸುಂಕದ ಮಾತಿಗೆ ಮಾತ್ರ ಕೈ ನಿಂತಿತು.

"ಪೆರ್ ಅಂದ್ರೆ ದೊಡ್ಡದು ಹೇಳಿದ್ಯಲ?"

"ಹೌದು."

"ಮತ್ತೆಂತ ಆತು? ಸುಂಕದವನಾದ್ರೂ ದೊಡ್ಡವನೇ ಅಲ್ದನ," ಅಂತ ಮುಂದಿನ ಅಡಿಕೆ ಕೈಗೆತ್ತಿಕೊಂಡರು.